ಬಚ್ಚಲ ನೀರಿನ ಕೆಂಪು ಬಾಳೆ

ನಮ್ಮ ಮನೆಯಲ್ಲಿ ಒಂದು ಚರಿಗೆ ನೀರು ಒಂದೇ ಕೆಲಸ ಮಾಡಿ ಹರಿದು ಹೋದದ್ದನ್ನು ನಾನು ಕಂಡವಳಲ್ಲ. ಈಗ ಮೊಮ್ಮಕ್ಕಳು ನಳ ಬಿಟ್ಟುಕೊಂಡು ಹಲ್ಲುಜ್ಜುತ್ತ ನಿಂತರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೈದರೆ, ಮುದುಕಿಗೆ ನೀರಿನ ಹುಚ್ಚು ಎಂದು ನಗುತ್ತಾರೆ. ನಗಲಿ. ಆ ಹುಚ್ಚು ಹಿಡಿಸಿದವಳು ಯಾರೆಂಬುದು ಅವರಿಗೆ ಗೊತ್ತಿಲ್ಲ, ಕೂತು ಕೇಳುವ ತಾಳ್ಮೆಯೂ ಇಲ್ಲ. ಅವಳು ನನ್ನ ಅಪ್ಪನ ತಂಗಿ ಸಂಗವ್ವ. ನಾನು ಅವಳನ್ನು ಅತ್ತಿ ಎಂದು ಕರೆಯುತ್ತಿದ್ದೆ. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು. ನನಗೇ ಈಗ ಅವಳಿಗಿಂತ ಹೆಚ್ಚು ವಯಸ್ಸು. ಆದರೂ ಬಚ್ಚಲಿಗೆ ಕಾಲಿಟ್ಟ ಕೂಡಲೇ ಚರಿಗೆ ಹಿಡಿದ ಕೈ ತಾನಾಗಿ ಬಿಗಿಯಾಗುತ್ತದೆ, ಅವಳು ಬೇಕು ಅನ್ನಿಸುತ್ತದೆ.

ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿ ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಪರಸಿ ಕಲ್ಲು ಹಾಸಿದ ಪಡಸಾಲೆ, ಅದರ ಒಂದು ಮಗ್ಗುಲಿಗೆ ಜೋಳದ ಚೀಲಗಳ ಕತ್ತಲೆ ಕೋಣೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ. ಹಿಂದೆ ಬಚ್ಚಲು, ಅದರಾಚೆ ಬಾವಿ, ಎಮ್ಮೆಯ ಗೂಟ, ಹಿತ್ತಲು. ಅಪ್ಪ ನಿಜಾಮ ಸರಕಾರದ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಕೆಲಸದಲ್ಲಿದ್ದ. ಹೊರಗೆ ಉರ್ದು, ಒಳಗೆ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿದ್ದು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು, ಮನೆಯ ಕೊನೆಯ ಮಾತು ಅವಳದು. ಅವ್ವನ ತೊಡೆಯ ಮೇಲೆ ಸದಾ ಒಂದು ಕೂಸು ಇರುತ್ತಿದ್ದುದರಿಂದ ನಾನು ಯಾರ ಪಾಲಿಗೂ ಬೀಳದೆ ಮನೆಯಲ್ಲಿ ತಿರುಗಿಕೊಂಡಿದ್ದೆ. ಅಂಥ ಹೊತ್ತಿನಲ್ಲಿ ಅತ್ತಿ ಬಂದಳು. ಅವಳ ಗಂಡ ಕಮಲಾಪುರದವನು. ಅವನು ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಅವಳನ್ನು ಗಂಡನ ಅಣ್ಣ ಬಂಡಿ ಕಟ್ಟಿಸಿ ತವರಿಗೆ ಕಳಿಸಿದ್ದ. ಮಳೆಗಾಲ ಆಗತಾನೆ ಶುರುವಾಗಿತ್ತು. ಬಂಡಿಯಿಂದ ಇಳಿದವಳ ಕೈಯಲ್ಲಿ ಬಟ್ಟೆಯ ಗಂಟು, ಉಡಿಯಲ್ಲಿ ಮಣ್ಣು ಮೆತ್ತಿದ ಒಂದು ಬಾಳೆಮರಿ. ಗಂಡನ ತೋಟದಲ್ಲಿ ಹೆಚ್ಚಾದ ಮರಿಗಳನ್ನು ಕಿತ್ತು ಬದುವಿಗೆ ಎಸೆದಿದ್ದರಂತೆ, ಹೊರಡುವಾಗ ಅದರಲ್ಲೊಂದನ್ನು ಎತ್ತಿಕೊಂಡಿದ್ದಳು. ಕಮಲಾಪುರದ ಕೆಂಪು ಬಾಳೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಊರಿನ ಹಳ್ಳದ ದಂಡೆ ಬಿಟ್ಟರೆ ಅದು ಬೇರೆಲ್ಲೂ ಕೈಹತ್ತುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಆಯಿ ಮಗಳನ್ನು ತಬ್ಬಿಕೊಂಡು ಅತ್ತು ಮುಗಿಸಿದ ಮೇಲೆ ಉಡಿಯ ಕಡೆ ನೋಡಿದಳು.

“ಇದನ್ಯಾಕ ಹೊತ್ಕೊಂಡ ಬಂದೀಯವ್ವ? ನಮ್ಮ ಹಿತ್ತಲದಾಗ ಇದು ಬದುಕಂಗಿಲ್ಲ.”

“ಬದುಕಿದ್ರ ಬದುಕಲಿ, ಇಲ್ಲಂದ್ರ ಹೋಗ್ಲಿ. ಬದುವಿನ ಮ್ಯಾಲ ಒಣಗಾಕತ್ತಿತ್ತು, ಬಿಟ್ಟು ಬರಾಕ ಮನಸಾಗ್ಲಿಲ್ಲ.”

ಬಚ್ಚಲ ನೀರು ಹೊರಬೀಳುವ ತೂಬಿನಿಂದ ನಾಲ್ಕು ಮಾರು ದೂರದಲ್ಲಿ ಗುಂಡಿ ತೋಡಿ, ಎಮ್ಮೆಯ ಗೊಬ್ಬರ ತುಂಬಿ, ಅತ್ತಿ ಆ ಮರಿಯನ್ನು ನೆಟ್ಟಳು. ತೂಬಿನಿಂದ ಅದರ ಬುಡದವರೆಗೆ ಬೆರಳಿನಲ್ಲೇ ಗೀರಿ ಒಂದು ಹರಿ, ಅಂದರೆ ಸಣ್ಣ ಕಾಲುವೆ, ಮಾಡಿದಳು. ಅಲ್ಲಿಂದ ನಮ್ಮ ಮನೆಯ ನೀರಿನ ಹಣೆಬರಹವೇ ಬದಲಾಯಿತು. ಹಾಗಂತ ಅದಕ್ಕೆ ಮೊದಲು ನಾವು ದುಂದು ಮಾಡುತ್ತಿದ್ದೆವೆಂದಲ್ಲ. ಆ ಕಾಲದಲ್ಲಿ ಯಾರ ಮನೆಯಲ್ಲಿ ದುಂದು ಇತ್ತು? ಒಲೆಗೆ ತೊಗರಿಕಟ್ಟಿಗೆ ಮತ್ತು ಸಗಣಿಯ ಕುಳ್ಳು, ಒಲೆಯ ಬೂದಿ ಪಾತ್ರೆ ಉಜ್ಜಲು ಮತ್ತು ಬೀಜದ ಕಾಳಿಗೆ ಹುಳ ಬೀಳದಂತೆ ಬೆರೆಸಿಡಲು. ಅಪ್ಪನ ಧೋತರ ಹರಿದರೆ ಕೂಸಿನ ಹಾಸಿಗೆ, ಅದೂ ಹರಿದರೆ ಕೌದಿಯ ಒಳಪದರ, ಉಳಿದ ಚೂರು ದೀಪದ ಬತ್ತಿ. ಹೆಚ್ಚಾದ ರೊಟ್ಟಿಯನ್ನು ಕಟಕಟಿ ಒಣಗಿಸಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಇವೆಲ್ಲ ನಮಗೆ ರೂಢಿ, ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. ಅತ್ತಿ ಯೋಚಿಸುತ್ತಿದ್ದಳು. ಪುಂಡಿಸೊಪ್ಪು ತೊಳೆದ ನೀರನ್ನು ಗಡಿಗೆಯಲ್ಲಿ ಹಿಡಿದಿಟ್ಟು, ಅದರಲ್ಲೇ ಮುಸುರೆ ಪಾತ್ರೆಗಳ ಮೊದಲ ತೊಳೆತ ಮುಗಿಸಿ, ಬೂದಿ ಬೆರೆತ ಆ ನೀರನ್ನು ಬಾಳೆಗೆ ಹಾಕುತ್ತಿದ್ದಳು. ಆಯಿಯ ಲಿಂಗಪೂಜೆಯ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲುವಂತಿರಲಿಲ್ಲ, ಅದೂ ಬಾಳೆಯ ಬುಡಕ್ಕೆ. ಜೋಳ ತೊಳೆದದ್ದು ಎಮ್ಮೆಗೆ, ಎಮ್ಮೆ ಕುಡಿದು ಬಿಟ್ಟದ್ದು ಮತ್ತೆ ಬಾಳೆಗೆ. ಬಟ್ಟೆಯನ್ನು ಹರಿಯ ಮೇಲೆಯೇ ಹಿಂಡಬೇಕು. ಮುಖ ತೊಳೆಯುವವರು ಹರಿಯ ಕಡೆ ಬಗ್ಗಿ ತೊಳೆಯಬೇಕು. ಕಚೇರಿಯಿಂದ ಬಂದ ಅಪ್ಪ ಕೂಡ ರುಮಾಲು ಬಿಚ್ಚಿಟ್ಟು ಅಲ್ಲಿಯೇ ಕಾಲು ತೊಳೆಯುತ್ತಿದ್ದ, ಗೊಣಗುತ್ತಲೇ.

ನನ್ನ ಸ್ನಾನವಂತೂ ಅವಳದೇ ದರ್ಬಾರು. ಹರಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ, ಕಡಲೆಹಿಟ್ಟು ಹಚ್ಚಿ, ನನ್ನ ಕೈಗೇ ಚರಿಗೆ ಕೊಡುತ್ತಿದ್ದಳು. ನೀರು ಅತ್ತಿತ್ತ ಗೋಡೆಗೆ ಹಾರಿದರೆ ಮುಗಿಯಿತು.

“ಏ ನೀಲಿ, ಮೈಮ್ಯಾಲ ಹಾಕ್ಕೊ. ಗ್ವಾಡಿಗ್ಯಾಕ ಹಾಕ್ತಿ? ಅದೇನ್ ನಿನಗ ಜಳಕ ಬೇಡಿತ್ತೇನು?”

“ಜಾರಿತು ಅತ್ತಿ.”

“ಜಾರಿತಂತ. ಉಣ್ಣಾಗ ಒಂದ್ ದಿನಾನೂ ತುತ್ತು ಜಾರಂಗಿಲ್ಲ ನಿನಗ.”

ಬೈಯುತ್ತಲೇ ಬೆನ್ನು ತಿಕ್ಕುತ್ತಿದ್ದಳು, ಬೈಯುತ್ತಲೇ ಸೆರಗಿನಿಂದ ಕಿವಿಯ ಸಂದಿ ಒರೆಸುತ್ತಿದ್ದಳು. ಆ ಮನೆಯಲ್ಲಿ ನನಗೆ ಬೈಯಲು ಬಿಡುವಿದ್ದವಳು ಅವಳೊಬ್ಬಳೇ. ಬೇರೆಯವರಿಗೆ ನಾನು ಕಣ್ಣಿಗೆ ಬಿದ್ದರೆ ತಾನೆ ಬೈಯುವುದು? ಅವಳ ಬಾಯಿಗೆ ನಾನು ಒಗ್ಗಿಹೋದೆ. ರಾತ್ರಿ ಅವಳ ಕೌದಿಯಲ್ಲೇ ಮಲಗುತ್ತಿದ್ದೆ, ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು.

ಬಾಳೆಮರಿ ಎಲೆ ಬಿಚ್ಚಿ ನನ್ನ ಎದೆಮಟ್ಟ ಬಂದಾಗ ಒಂದು ಮಾತು ನನ್ನ ಕಿವಿಗೆ ಬಿತ್ತು. ಪಡಸಾಲೆಯಲ್ಲಿ ಅಪ್ಪ ಮತ್ತು ಆಯಿ ಕೂತಿದ್ದರು. ನಾನು ಜೋಳದ ಚೀಲಗಳ ಸಂದಿಯಲ್ಲಿ ಬೆಕ್ಕಿನ ಮರಿ ಹುಡುಕುತ್ತಿದ್ದೆ.

“ಸಂಗವ್ವಂದು ಮುಂದ ಏನು? ಅಕಿ ಗಂಡನ ಪಾಲು ಅಲ್ಲೇ ಅದ. ಇಲ್ಲಿ ಇದ್ದಷ್ಟು ದಿನಾ ಅವರು ಅದನ್ನ ಮರೀತಾರ. ಅಲ್ಲೇ ಹೋಗಿ ಕುಂದ್ರೂದು ಛಲೋ ಅಲ್ಲೇನು?” ಎಂದ ಅಪ್ಪ.

“ಕಳಿಸಿದವರು ಕರೀಲಿ. ಕರೀಲಾರದ ಮನಿಗಿ ನನ್ನ ಮಗಳು ಹೋಗಂಗಿಲ್ಲ,” ಎಂದಳು ಆಯಿ.

ಅಪ್ಪ ಕೆಟ್ಟವನಲ್ಲ, ತಂಗಿಯ ಹಕ್ಕಿನ ಚಿಂತೆ ಅವನದು. ಆದರೆ ನನಗೆ ಕೇಳಿಸಿದ್ದು ಒಂದೇ, ಅತ್ತಿಯನ್ನು ಕಳಿಸುತ್ತಾರೆ. ಹಿತ್ತಲಿಗೆ ಓಡಿದೆ. ಅವಳು ಬಾಳೆಯ ಬುಡಕ್ಕೆ ಬೂದಿ ಹಾಕುತ್ತಿದ್ದಳು.

“ಅತ್ತಿ, ನೀ ಕಮಲಾಪುರಕ್ಕ ಹೋಗ್ತಿಯೇನು?”

ಅವಳು ನನ್ನ ಮುಖ ನೋಡಿದಳು, ಆಮೇಲೆ ಗಿಡ ನೋಡಿದಳು.

“ಇದು ಇಲ್ಲಿ ಬೇರೂರಿ ಗೊನಿ ಹಾಕ್ಲಿ. ಇದು ನಿಂತ್ರ ನಾನೂ ನಿಂತಂಗ.”

ದೊಡ್ಡವರು ಮಕ್ಕಳ ಬಾಯಿ ಮುಚ್ಚಿಸಲು ಹೀಗೆ ಏನಾದರೂ ಹೇಳುತ್ತಾರೆ. ನಾನು ಅದನ್ನು ಆಣೆಯೆಂದೇ ಹಿಡಿದೆ. ಗೊನೆ ಬಂದರೆ ಅತ್ತಿ ಉಳಿಯುತ್ತಾಳೆ, ಗಿಡ ಸತ್ತರೆ ಹೋಗುತ್ತಾಳೆ. ಇಷ್ಟೇ ಲೆಕ್ಕ. ಅಲ್ಲಿಂದ ನಾನು ನೀರಿನ ಹಿಂದೆ ಬಿದ್ದೆ. ಬಾವಿಕಟ್ಟೆಯ ಮೇಲೆ ಕೊಡದಿಂದ ತುಳುಕಿದ ನೀರನ್ನು ಬಟ್ಟೆಯಲ್ಲಿ ಹೀರಿಸಿ ತಂದು ಬುಡಕ್ಕೆ ಹಿಂಡುತ್ತಿದ್ದೆ. ಬಂದವರು ಕುಡಿದು ಚೊಂಬಿನಲ್ಲಿ ಬಿಟ್ಟ ಗುಟುಕನ್ನೂ ಬಿಡುತ್ತಿರಲಿಲ್ಲ. ಒಂದು ಸಲ ಅಪ್ಪನ ಕಚೇರಿಯ ದೊಡ್ಡ ಮುನ್ಷಿಯೊಬ್ಬರು ಬಂದಿದ್ದರು. ಅವರು ಇನ್ನೂ ಕುಡಿಯುತ್ತಿರುವಾಗಲೇ ನಾನು ಕೈಚಾಚಿ ನಿಂತದ್ದಕ್ಕೆ ಅಪ್ಪ ಎರಡೂ ಭಾಷೆಯಲ್ಲಿ ಬೈದ.

ಬೇಸಿಗೆ ಬಂತು. ಕಲಬುರಗಿಯ ಬೇಸಿಗೆಯನ್ನು ಬೇರೆ ಊರಿನವರಿಗೆ ಹೇಳಿ ತಿಳಿಸಲಾಗದು. ಪರಸಿ ಕಲ್ಲಿನ ಮೇಲೆ ಹೊತ್ತು ಮುಳುಗಿದ ಮೇಲೂ ಬರಿಗಾಲಿಡಲು ಆಗುತ್ತಿರಲಿಲ್ಲ. ಬಾವಿಯ ನೀರು ಕೆಳಗಿಳಿದು, ಕೊಡ ಬಿಟ್ಟರೆ ಅರ್ಧ ತುಂಬಿ ಬರುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಅಪ್ಪ ಕಚೇರಿಯ ಕೆಲಸದ ಮೇಲೆ ಹೈದರಾಬಾದಿಗೆ ಹೋದವನು ಅವ್ವನಿಗೆಂದು ಘಮಘಮ ಸಾಬೂನು ತಂದ. ಅವ್ವನಿಗೆ ಹಿಗ್ಗೋ ಹಿಗ್ಗು. ಅವಳಿಗೆಂದೇ ಅಪ್ಪ ಏನಾದರೂ ತಂದದ್ದು ಅಪರೂಪ. ಅವಳು ಮಿಂದ ನೀರು ಬೆಳ್ಳಗೆ ನೊರೆ ಎಬ್ಬಿಸುತ್ತ ಹರಿಯಲ್ಲಿ ಹೋಗಿ ಬಾಳೆಯ ಸುತ್ತ ನಿಂತಿತು. ಕೆಲವು ದಿನಕ್ಕೆ ಕೆಳಗಿನ ಎಲೆಗಳ ಅಂಚು ಸುಟ್ಟಂತಾಯಿತು. ಬಿಸಿಲಿಗೂ ಆಗಿರಬಹುದು, ಅತ್ತಿ ಮಾತ್ರ ಸಾಬೂನಿನದೇ ತಪ್ಪೆಂದಳು. ಅಣ್ಣನ ಹೆಂಡತಿಯನ್ನು ಅವಳು ವೈನಿ ಎನ್ನುತ್ತಿದ್ದಳು.

“ವೈನಿ, ಈ ಬುರುಗು ಬುಡಕ್ಕ ನಿಂದರಾಕತ್ತದ. ಕಡ್ಲಿಹಿಟ್ಟು ಹಚ್ಕೊಂಡ್ರ ಆಗಂಗಿಲ್ಲೇನು?”

“ನನ್ನ ಮನ್ಯಾಗ ನಾ ಜಳಕ ಮಾಡಾಕ ಗಿಡದ ಅಪ್ಪಣಿ ಕೇಳ್ಬೇಕೇನು?” ಎಂದಳು ಅವ್ವ. “ಸೊಪ್ಪು ತೊಳ್ಯಾಕ ನಿನ್ನ ಕೇಳ್ಬೇಕು, ಮುಸುರಿ ತಿಕ್ಕಾಕ ನಿನ್ನ ಕೇಳ್ಬೇಕು. ಇದ್ಯಾರ ಮನಿ ಅಂತ ಒಮ್ಮೆ ಹೇಳಿಬಿಡವ್ವ.”

ಅತ್ತಿ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು, ಅವತ್ತು ರೊಟ್ಟಿಯ ಸಪ್ಪಳ ಓಣಿಗೆಲ್ಲ ಕೇಳಿಸಿತು. ಅವ್ವನದು ತಪ್ಪೆಂದು ನಾನು ಈಗಲೂ ಹೇಳಲಾರೆ. ತನ್ನ ಅಡುಗೆಮನೆಯಲ್ಲಿ ಇನ್ನೊಬ್ಬಳ ಕಟ್ಟಳೆಯಂತೆ ಬಾಳುವುದು ಸುಲಭವಲ್ಲ. ಆದರೆ ಸಂಜೆ ಅಪ್ಪ, ಇಬ್ಬರ ಮುಖ ನೋಡಿ, ಕಮಲಾಪುರದವರಿಗೆ ಹೇಳಿ ಕಳಿಸುತ್ತೇನೆ ಎಂದುಬಿಟ್ಟ. ಮರುದಿನ ಎದ್ದವಳೇ ನಾನು ಹರಿ ಕವಲೊಡೆಯುವಂತೆ ಇನ್ನೊಂದು ಕಾಲುವೆ ಗೀರಿ, ಅದರ ಬಾಯಿಗೆ ಹಸಿಮಣ್ಣಿನ ಒಡ್ಡು ಕಟ್ಟಿದೆ. ಅವ್ವ ಸ್ನಾನಕ್ಕೆ ಹೋದರೆ ಒಡ್ಡು ಮುರಿದು ನೊರೆನೀರನ್ನು ಬೇಲಿಯ ಕಡೆ ಬಿಡುವುದು, ಅವಳು ಹೊರಬಂದರೆ ಮತ್ತೆ ಕಟ್ಟುವುದು. ಅತ್ತಿ ನೋಡಿ, “ಕೆರಿ ಕಟ್ಟೂ ಒಡ್ಡರಕಿಂತ ನೀನೇ ಛಲೋ ಇದ್ದಿ,” ಎಂದು ತಲೆಗೆ ಮೊಟಕಿದಳು. ಜಗಳ ಅಲ್ಲಿಗೆ ತಣ್ಣಗಾಯಿತು. ಆದರೆ ಅಷ್ಟು ಬರದ ದಿನಗಳಲ್ಲಿ ಒಂದು ಹಂಡೆ ನೀರು ಬೇಲಿಯ ಮುಳ್ಳಿಗೆ ಹೋಗುವುದನ್ನು ನೋಡುತ್ತ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ.

ಹೀಗೆ ಒಂದು ಬೆಳಿಗ್ಗೆ ಒಡ್ಡು ಮುರಿಯಲು ಕೂತಿದ್ದೆ. ತೂಬಿನಿಂದ ನೀರು ಬಂತು, ನೊರೆ ಇರಲಿಲ್ಲ. ತುಸು ಹಳದಿಗಿತ್ತು, ಕಡಲೆಹಿಟ್ಟಿನ ವಾಸನೆ. ನಾನು ಒಡ್ಡು ಮುರಿಯಲಿಲ್ಲ. ಅವ್ವ ತಲೆ ಒರೆಸಿಕೊಳ್ಳುತ್ತ ಹೊರಬಂದು, ನನ್ನನ್ನು ನೋಡಿಯೂ ನೋಡದಂತೆ ಒಳಗೆ ಹೋದಳು. ಅತ್ತಿಗೆ ಓಡಿಹೋಗಿ ಹೇಳಿದೆ. ಅವತ್ತು ಮಧ್ಯಾಹ್ನ ಅವಳು ಅವ್ವನ ತೊಡೆಯಿಂದ ಕೂಸನ್ನು ಎತ್ತಿಕೊಂಡು, “ಜರಾ ಅಡ್ಡಾಗ್ರಿ ವೈನಿ, ನಾ ನೋಡ್ಕೊಂತೀನಿ,” ಎಂದಳು. ಅವ್ವ ಸಂಜೆಯವರೆಗೆ ಮಲಗಿದಳು. ಅವಳು ಹಾಗೆ ಹಗಲಲ್ಲಿ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಾಬೂನು ಗೂಡಿನಲ್ಲೇ ಕೂತು ಬಿರುಕು ಬಿಟ್ಟಿತು.

ಮಳೆ ಹಿಡಿದ ಮೇಲೆ ಗಿಡ ಮಾಳಿಗೆಯ ಎತ್ತರಕ್ಕೆ ಹೋಯಿತು. ದಿಂಡಿನ ಕೆಂಪು ನೋಡಿಯೇ ಓಣಿಯವರು ಬೆರಗಾದರು. ಹೂ ಹೊರಬಂದ ದಿನ ನಾನು ಅತ್ತಿಯ ಸೊಂಟ ಹಿಡಿದು ಕುಣಿದೆ. ಚಳಿಗಾಲದಲ್ಲಿ ಗೊನೆ ಇಳಿಸಿ ಜೋಳದ ಕೋಣೆಯಲ್ಲಿ ತೂಗುಹಾಕಿದರು. ನೇರಳೆಯಂತಿದ್ದ ಕಾಯಿ ದಿನದಿನಕ್ಕೆ ಕುಂಕುಮಕ್ಕೆ ತಿರುಗಿ, ಇಡೀ ಮನೆ ಹಣ್ಣಿನ ವಾಸನೆಯಲ್ಲಿ ಮುಳುಗಿತು. ನಮ್ಮೂರಿನ ಗಾಜಿಪುರ ಓಣಿಯಿಂದಲೂ ಜನ ನೋಡಲು ಬಂದರು. ಗೊನೆ ಕೊಟ್ಟ ಗಿಡವನ್ನು ಅತ್ತಿ ಸುಮ್ಮನೆ ಬಿಡಲಿಲ್ಲ. ಎಲೆ ಊಟಕ್ಕೆ, ಒಳದಿಂಡು ಪಲ್ಯಕ್ಕೆ, ಸಿಪ್ಪೆ ಎಮ್ಮೆಗೆ, ಒಣಗಿದ ಪಟ್ಟೆ ಹೂ ಕಟ್ಟಲು. ಬುಡದಲ್ಲಿ ಆಗಲೇ ನಾಲ್ಕಾರು ಮರಿಗಳು ತಲೆಯೆತ್ತಿದ್ದವು. ನಾನಂತೂ ಗೆದ್ದವಳಂತೆ ಎದೆಯುಬ್ಬಿಸಿ ತಿರುಗಿದೆ. ಗಿಡ ನಿಂತಿತ್ತು, ಅತ್ತಿ ಇನ್ನು ಎಲ್ಲಿಗೂ ಹೋಗುವವಳಲ್ಲ.

ಹಣ್ಣು ಹಂಚುವ ದಿನ ಆಯಿ ಮೊದಲ ಚಿಪ್ಪನ್ನು ಕೊಯ್ದು ಪಕ್ಕಕ್ಕಿಟ್ಟಳು.

“ಇದು ಕಮಲಾಪುರಕ್ಕ. ಗಿಡ ಎಲ್ಲಿಂದ ಬಂತೋ ಮೊದಲ ಹಣ್ಣು ಅಲ್ಲಿಗಿ ಹೋಗ್ಬೇಕು.”

“ಅವರೇನ್ ಕೊಟ್ಟಾರೇನ್ ಯವ್ವಾ? ಬೀಸಾಕಿದ್ದನ್ನ ನಾ ಆರಿಸ್ಕೊಂಡ ಬಂದೀನಿ,” ಎಂದಳು ಅತ್ತಿ.

“ಬೀಸಾಕಿದ್ರೂ ಅವರ ಮಣ್ಣಾಗ ಹುಟ್ಟಿದ್ದು. ಕೊಡಲಾರದ ತಿಂದ್ರ ಗಂಟಲದಾಗ ಇಳಿಯಂಗಿಲ್ಲ.”

ಇದು ನಮ್ಮ ಮನೆತನದ ಪದ್ಧತಿ. ನೆರೆಮನೆಯಿಂದ ಮೆಣಸಿನ ಸಸಿ ತಂದರೂ ಮೊದಲ ಕಾಯಿ ಅವರಿಗೆ ಹೋಗಬೇಕು. ಅತ್ತಿ ಮತ್ತೆ ವಾದಿಸಲಿಲ್ಲ. ಮಹಾಗಾಂವದ ಮೇಲೆ ಕಮಲಾಪುರಕ್ಕೆ ಹೋಗುತ್ತಿದ್ದ ಬಂಡಿಯವನ ಕೈಯಲ್ಲಿ, ಒಣಎಲೆಯಲ್ಲಿ ಸುತ್ತಿದ ಚಿಪ್ಪು ಹೋಯಿತು. ಉಳಿದದ್ದನ್ನು ನಾವು ತಿಂದೆವು. ಆ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ, ಸಿಕ್ಕಿದ್ದರೂ ನಾನು ಒಪ್ಪಿಕೊಳ್ಳುತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ಅತ್ತಿಯ ಭಾವ, ಅಂದರೆ ಅವಳ ಗಂಡನ ಅಣ್ಣ ರಾಚಪ್ಪ ಬಂದ. ಅವಳನ್ನು ಬಂಡಿ ಹತ್ತಿಸಿ ಕಳಿಸಿದವನು ಅವನೇ. ಪಡಸಾಲೆಯ ಅಂಚಿನಲ್ಲಿ ಕೂತ, ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ಅತ್ತಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು, ಅವಳ ಸೀರೆ ಹಿಡಿದು ನಾನು.

“ಹೋದ ಮಳಿಗಾಲದಾಗ ಹಳ್ಳ ಬಂದು ತ್ವಾಟ ಎಲ್ಲಾ ಬಳ್ಕೊಂಡು ಹೋತ್ರಿ ಆಯಿ,” ಎಂದ. “ಊರಾಗ ಬಾಳಿಮರಿಗಿ ಬರ ಇಲ್ಲ. ಆದ್ರ ನಮ್ಮಪ್ಪ ಹಚ್ಚಿದ ತಳಿ ಬ್ಯಾರೆ, ಅದು ಹೋತು ಅಂತ ತಿಳಿದಿದ್ದೆ. ನಿಮ್ಮ ಹಣ್ಣು ಬಾಯಾಗ ಇಟ್ಕೊಂಡ ಕೂಡಲೇ ಗೊತ್ತಾತು.”

“ಮರಿ ಒಯ್ಯಿ, ಬ್ಯಾಡ ಅಂದವರ್ಯಾರು?” ಎಂದಳು ಆಯಿ.

ಅವನು ಬಾಗಿಲ ಕಡೆ ತಿರುಗಿದ, ತಲೆ ಎತ್ತಲಿಲ್ಲ.

“ಮರಿ ಅಷ್ಟ ಅಲ್ಲ. ಸಂಗವ್ವ, ತಮ್ಮನ ಪಾಲಿನ ಜಾಗಾ ಹಳ್ಳದ ಮ್ಯಾಲಿನ ದಂಡ್ಯಾಗ ಹಂಗೇ ಅದ. ಅದು ನಿಂದು. ನಿನ್ನ ಕಳಿಸಿದ್ದು ನಂದು ತಪ್ಪಾತು. ಬಂದು ನೀನೇ ಹಚ್ಚವ್ವ.”

ನಾನು ಅತ್ತಿಯ ಮುಖ ನೋಡಿದೆ. ಅವಳು ಒಲ್ಲೆ ಅನ್ನುತ್ತಾಳೆ ಎಂದೇ ಕಾದಿದ್ದೆ. ಅವಳ ಕಣ್ಣು ತುಂಬಿತ್ತು, ಆದರೆ ಆ ಮುಖದಲ್ಲಿ ನಾನು ಹಿಂದೆಂದೂ ಕಾಣದ ಹಿಗ್ಗು ಇತ್ತು. ಗೊನೆ ಬಿಟ್ಟ ದಿನವೂ ಅಷ್ಟು ಹಿಗ್ಗು ಇರಲಿಲ್ಲ. ಅವಳಿಗೆ ಹೋಗುವ ಮನಸ್ಸಿತ್ತು. ಇಷ್ಟು ದಿನವೂ ಇತ್ತು. ಅದು ಗೊತ್ತಾದಾಗ ನನಗಾದ ನೋವನ್ನು ಈ ವಯಸ್ಸಿನಲ್ಲೂ ನಾನು ಪೂರ್ತಿ ನುಂಗಿಲ್ಲ. ಅವಳ ಪಾಲಿನ ನ್ಯಾಯ ಅವಳಿಗೆ ಸಿಕ್ಕಿತು, ಸಿಗಲೇಬೇಕಿತ್ತು. ಆದರೆ ಹನಿಹನಿ ಹಿಡಿದು ತಂದು ಹಿಂಡಿದವಳು ನಾನು. ಆ ಗಿಡ ಬೇಸಿಗೆಯಲ್ಲೇ ಸತ್ತಿದ್ದರೆ ಅತ್ತಿ ನನಗೆ ಉಳಿಯುತ್ತಿದ್ದಳು.

“ನೀ ನಿಂದ್ರತೀನಿ ಅಂದಿದ್ದಿ,” ಎಂದೆ, ಅವಳು ಮರಿಗಳನ್ನು ಅಗೆಯುತ್ತಿದ್ದಾಗ.

“ಅಂದಿದ್ದೆ.”

“ಮತ್ತ?”

ಅವಳು ಕೈಯ ಮಣ್ಣು ಕೊಡವಿ ನನ್ನ ಗಲ್ಲ ಹಿಡಿದಳು. “ನನ್ನದು ಅಂತ ಒಂದ್ ಹಿಡಿ ನೆಲ ಅದ ನೀಲಿ. ನೀ ದೊಡ್ಡಾಕಿ ಆದ ಮ್ಯಾಲ ತಿಳೀತದ,” ಎಂದಳು. ದೊಡ್ಡವಳಾದೆ, ತಿಳಿಯಿತು. ತಿಳಿದು ಏನು ಉಪಯೋಗ? ಒಂದು ಮರಿಯನ್ನು ನನಗೆಂದು ಹಿತ್ತಲಲ್ಲೇ ಬಿಟ್ಟು, ಉಳಿದವನ್ನು ಹಸಿ ಗೋಣಿಯಲ್ಲಿ ಸುತ್ತಿಕೊಂಡು ಬೆಳಿಗ್ಗೆ ಬಂಡಿ ಹತ್ತಿದಳು. ಗಂಡ ಸತ್ತವಳಿಗೆ ಉಡಿ ತುಂಬುವ ರೂಢಿ ಇಲ್ಲದಿದ್ದರೂ ಅವ್ವ ಅವಳ ಉಡಿ ತುಂಬಿ, ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು. ನಾನು ಹೊರಗೆ ಹೋಗಲಿಲ್ಲ.

ಮರುವರ್ಷ ಅಪ್ಪ ನನ್ನನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದ. ಹೋಗುವ ದಾರಿಯುದ್ದಕ್ಕೂ ನನಗೆ ಬಂಡಿಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅತ್ತಿಯ ತೋಟ ಹಸಿರಾಗಿತ್ತು, ಮರಿಗಳು ಸಾಲಾಗಿ ಎದ್ದಿದ್ದವು, ಎತ್ತುಗಳು ಬಾವಿಯಿಂದ ತೊಗಲಚೀಲದಲ್ಲಿ ನೀರೆತ್ತಿ ಕಾಲುವೆಗೆ ಸುರಿಯುತ್ತಿದ್ದವು. ಅವಳು ತುಸು ಕಪ್ಪಾಗಿದ್ದಳು, ಮೈ ಕೈ ತುಂಬಿಕೊಂಡಿತ್ತು. ನನ್ನನ್ನು ತಬ್ಬಿ, ದೃಷ್ಟಿ ತೆಗೆದು, ಹೊಸ ಚಾಪೆ ಹಾಸಿ ಕೂರಿಸಿದಳು. ಬೆಳಿಗ್ಗೆ ಹಂಡೆ ತುಂಬ ಬಿಸಿನೀರು ಕಾಯಿಸಿ ನನ್ನೊಬ್ಬಳನ್ನೇ ಬಚ್ಚಲಿಗೆ ಬಿಟ್ಟಳು. ನಾನು ಬೇಕೆಂದೇ ಚರಿಗೆಗಟ್ಟಲೆ ನೀರು ನೆಲಕ್ಕೆ ಸುರಿದೆ, ಹೊರಗೆ ಕೇಳಿಸಲಿ ಎಂದು ಸಪ್ಪಳ ಮಾಡಿ ಸುರಿದೆ. ಬಾಗಿಲಾಚೆಯಿಂದ ಅತ್ತಿ ಕೇಳಿದಳು.

“ನೀರು ಸಾಲ್ತಾವೇನವ್ವ? ಇನ್ನೊಂದ್ ಕೊಡ ತರ್ಲೇನು?”

ಊಟಕ್ಕೆ ಕೂತಾಗ ಅರ್ಧ ರೊಟ್ಟಿ ಬಿಟ್ಟು ಎದ್ದೆ. ಅವಳು ನನ್ನ ತಟ್ಟೆ ನೋಡಿದಳು.

“ಇರ್ಲಿ ಬಿಡವ್ವ, ಸೇರಿದಷ್ಟ ಉಣ್ಣು. ಊರಿಂದ ಬಂದ ಕೂಸು ನೀನು,” ಎಂದು ನಕ್ಕು, ತಾನೇ ತಟ್ಟೆ ಎತ್ತಿಕೊಂಡು ಹೋದಳು.

ಕೈ ತೊಳೆಯಲು ಹೊರಗೆ ಬಂದೆ. ರಾಚಪ್ಪನ ಸಣ್ಣ ಮಗಳು, ನನಗಿಂತ ಚಿಕ್ಕವಳು, ಕುಡಿಯುವ ನೀರಿನ ಕೊಡದಿಂದ ಕಾಲಿನ ಕೆಸರು ತೊಳೆಯುತ್ತ ನಿಂತಿದ್ದಳು. ಒಳಗಿನಿಂದ ಅತ್ತಿ ಬಿರುಗಾಳಿಯಂತೆ ಬಂದಳು.

“ಏ ಹುಡುಗಿ, ಕಾಲು ತೊಳ್ಯಾಕ ಕುಡ್ಯೂ ನೀರ ಬೇಕೇನು ನಿನ್ನಂಥ ರಾಣಿಗಿ? ಕಾಲುವಿ ಏನ್ ಕಚ್ತದೇನು? ಬಾ ಇಲ್ಲಿ, ಮಾರಿ ನೋಡು ಹ್ಯಾಂಗ್ ಮಾಡ್ಕೊಂಡಾಳ.”

ಬೈಯುತ್ತಲೇ ಅವಳ ರಟ್ಟೆ ಹಿಡಿದು ಕಾಲುವೆಗೆ ಎಳೆದೊಯ್ದು ಕಾಲು ತೊಳೆಸಿದಳು, ಬೈಯುತ್ತಲೇ ಸೆರಗಿನಿಂದ ಮುಖ ಒರೆಸಿದಳು. ಆ ಹುಡುಗಿ ಕೊಸರಾಡುತ್ತ ನಗುತ್ತಿತ್ತು. ನಾನು ಒದ್ದೆ ಕೈ ಹಿಡಿದುಕೊಂಡು ನೋಡುತ್ತ ನಿಂತೆ.

ತಿರುಗಿ ಬರುವಾಗ ಮಹಾಗಾಂವ ದಾಟುವವರೆಗೂ ನಾನು ಬಂಡಿಯಲ್ಲಿ ಬೋರಲು ಮಲಗಿ ಅಳುತ್ತಲೇ ಇದ್ದೆ. ಅಪ್ಪ ಕೊನೆಗೆ ಬೆನ್ನ ಮೇಲೆ ಕೈಯಿಟ್ಟು ಕೇಳಿದ.

“ಯಾಕವ್ವ, ಅತ್ತಿ ಏನರ ಬೈದಳೇನು?”

“ಏನೂ ಅನ್ನಲಿಲ್ಲ,” ಎಂದೆ.